ವಿಷದ ಗಿಡ, ವೈದ್ಯದ ಮಿತಿ: ಟಿಬೆಟ್ ಎತ್ತರದ ಥಾಂಗ್‌ಟ್ರೋಮ್



ಇಂದಿನ ಉಪನ್ಯಾಸಕ್ಕೆ ಕನ್ನಡ ನಾಡಿನಲ್ಲಿ ಬೆಳೆಯದ ಒಂದು ಗಿಡವನ್ನು ಆರಿಸಿಕೊಂಡಿದ್ದೇನೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,800ರಿಂದ 4,200 ಮೀಟರ್ ಎತ್ತರದಲ್ಲಿ, ಬಿಸಿಲು ಬೀಳುವ ಹುಲ್ಲಿನ ಇಳಿಜಾರುಗಳಲ್ಲಿ ಅದು ಬೆಳೆಯುತ್ತದೆ. ಸಸ್ಯವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ಅನಿಸೋಡಸ್ ಟ್ಯಾಂಗುಟಿಕಸ್. ಟಿಬೆಟನ್ ವೈದ್ಯರು ಥಾಂಗ್‌ಟ್ರೋಮ್ ನಾಗ್ಪೊ, ಅಂದರೆ ಕರಿ ಥಾಂಗ್‌ಟ್ರೋಮ್ ಎನ್ನುತ್ತಾರೆ. ಬೇರಿನಿಂದ ಬೀಜದವರೆಗೆ ಇದು ವಿಷದ ಗಿಡ. ನೂರಾರು ವರ್ಷಗಳಿಂದ ವೈದ್ಯರ ಕೈಯಲ್ಲಿ ಔಷಧಿಯೂ ಆಗಿದೆ.

ನಾನು ಮಂಡಿಸಬಯಸುವ ವಿಚಾರ ಇದು. ಇಂಥ ಗಿಡದ ಬಗೆಗಿನ ಸಾಂಪ್ರದಾಯಿಕ ಜ್ಞಾನದಲ್ಲಿ, ಯಾವ ಕಾಯಿಲೆಗೆ ಯಾವ ಬೇರು ಎಂಬ ಪಟ್ಟಿ ಸಣ್ಣ ಭಾಗ. ಯಾರಿಗೆ ಕೊಡಬಾರದು, ಎಷ್ಟಕ್ಕೆ ನಿಲ್ಲಿಸಬೇಕು, ಹೇಗೆ ಹದಗೊಳಿಸದೆ ಮುಟ್ಟಬಾರದು ಎಂಬ ಕಟ್ಟಳೆಗಳೇ ಅದರ ದೊಡ್ಡ ಭಾಗ. ಇಂದು ಗಿಡಮೂಲಿಕೆಗಳ ಬಗ್ಗೆ ಬರೆಯುವವರಲ್ಲಿ ಬಹಳಷ್ಟು ಮಂದಿ ಪಟ್ಟಿಯನ್ನು ಎತ್ತಿಕೊಳ್ಳುತ್ತಾರೆ, ಕಟ್ಟಳೆಯನ್ನು ಬಿಟ್ಟುಬಿಡುತ್ತಾರೆ. ಇದು ಅಪಾಯಕಾರಿ. ಪರಂಪರೆಗೆ ಮಾಡುವ ಅನ್ಯಾಯವೂ ಹೌದು.

ಗಿಡ ದೂರದ್ದಾದರೂ ಅದರ ಕುಲ ನಮಗೆ ಹತ್ತಿರದ್ದು. ಅದು ಬದನೆಯ ಕುಟುಂಬಕ್ಕೆ ಸೇರಿದ್ದು. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಇಲ್ಲದೆ ನಮ್ಮ ಸಾರು ಪಲ್ಯಗಳಿಲ್ಲ. ಹಿತ್ತಲಿನ ಗಣಿಕೆ ಸೊಪ್ಪು, ಹಿರೇಮದ್ದು ಎಂದು ಹಳ್ಳಿಗಳಲ್ಲಿ ಕರೆಯುವ ಅಶ್ವಗಂಧ, ಹೊಗೆಸೊಪ್ಪು, ತಿಪ್ಪೆಯ ಬದಿಯಲ್ಲಿ ತಾನಾಗಿ ಹುಟ್ಟುವ ಉಮ್ಮತ್ತಿ, ಎಲ್ಲವೂ ಅದೇ ಕುಟುಂಬದವು. ಇವುಗಳಲ್ಲಿ ಥಾಂಗ್‌ಟ್ರೋಮ್‌ಗೆ ರಾಸಾಯನಿಕವಾಗಿ ಬಹಳ ಹತ್ತಿರದ್ದು ಉಮ್ಮತ್ತಿ, ಅಂದರೆ ದತ್ತೂರಿ. ಉಮ್ಮತ್ತಿ ಕಾಯಿ ತಿಂದರೆ ಹುಚ್ಚು ಹಿಡಿಯುತ್ತದೆ ಎಂದು ನಮ್ಮ ಹಿರಿಯರು ಮಕ್ಕಳನ್ನು ಎಚ್ಚರಿಸುತ್ತಿದ್ದರಲ್ಲ, ಆ ಎಚ್ಚರಿಕೆಯ ಹಿಂದಿನ ರಸಾಯನವೇ ಅಲ್ಲಿ ಮಂಜಿನ ನಾಡಿನಲ್ಲಿಯೂ ಕೆಲಸ ಮಾಡುತ್ತಿದೆ.

ಗಿಡದ ರೂಪವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗುರುತಿಸುವ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ. ಇದು ಹಲವು ವರ್ಷ ಬದುಕುವ ಸಸ್ಯ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಸತ್ತುಹೋಗುತ್ತದೆ, ದಪ್ಪನೆಯ ಬೇರು ಮಣ್ಣಿನೊಳಗೆ ಉಳಿದು ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಸಾಮಾನ್ಯವಾಗಿ ಅರ್ಧದಿಂದ ಒಂದು ಮೀಟರ್‌ನೊಳಗಿನ ಎತ್ತರ. ಮೇ, ಜೂನ್ ತಿಂಗಳುಗಳಲ್ಲಿ ಒಂಟಿ ಹೂಗಳು ತಲೆ ತಗ್ಗಿಸಿ ಅರಳುತ್ತವೆ. ಗಂಟೆಯಾಕಾರದ ದಳಗಳಿಗೆ ಕಡು ನೇರಳೆ ಬಣ್ಣ. ಹೂವು ಉದುರಿದ ಮೇಲೂ ಪುಷ್ಪಪಾತ್ರೆ ಬಾಡುವುದಿಲ್ಲ. ಅದು ಬೆಳೆದು, ಗಟ್ಟಿಯಾಗಿ, ಉಬ್ಬಿದ ಗೆರೆಗಳಿಂದ ಕೂಡಿ ಕಾಯಿಯನ್ನು ಸುತ್ತುವರಿಯುತ್ತದೆ. ಬೆಳೆದ ಕಾಯಿಯ ಮುಚ್ಚಳ ಕಳಚಿಕೊಂಡು ಬೀಜಗಳು ಹೊರಬೀಳುತ್ತವೆ. ಅನಿಸೋಡಸ್ ಕುಲದಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಿದ್ದಾರೆ. ಚೀನಾ, ನೇಪಾಳ, ಭೂತಾನ, ಭಾರತಗಳ ಎತ್ತರದ ನೆಲೆಗಳೇ ಅವುಗಳ ತವರು. ಅನಿಸೋಡಸ್ ಲ್ಯೂರಿಡಸ್ ಎಂಬುದು ಹಿಮಾಲಯದ ನಮ್ಮ ಮಗ್ಗುಲಿನಲ್ಲಿಯೂ ಇದೆ.

ಪಾಶ್ಚಾತ್ಯ ಸಸ್ಯಶಾಸ್ತ್ರಕ್ಕೆ ಈ ಗಿಡ ಪರಿಚಯವಾದದ್ದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ರಷ್ಯದ ಅನ್ವೇಷಕ ನಿಕೊಲಾಯ್ ಪ್ರಝೆವಾಲ್ಸ್ಕಿ ಮಧ್ಯ ಏಷ್ಯದ ಯಾತ್ರೆಗಳಿಂದ ತಂದ ಒಣಗಿಡಗಳನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕುಳಿತು ಅಧ್ಯಯನ ಮಾಡಿದ ಮ್ಯಾಕ್ಸಿಮೊವಿಚ್ ಆ ನಾಡಿನ ಎಷ್ಟೋ ಸಸ್ಯಗಳಿಗೆ ಲ್ಯಾಟಿನ್ ಹೆಸರು ಕೊಟ್ಟರು. ಇದೇ ಕುಟುಂಬದ, ಇನ್ನೂ ಎತ್ತರದ ಮರಳು ನೆಲದಲ್ಲಿ ಬದುಕುವ ಮತ್ತೊಂದು ವಿಷದ ಗಿಡಕ್ಕೆ ಆ ಅನ್ವೇಷಕನ ಹೆಸರೇ ಕುಲನಾಮವಾಗಿ ನಿಂತಿತು: ಪ್ರಝೆವಾಲ್ಸ್ಕಿಯಾ ಟ್ಯಾಂಗುಟಿಕಾ. ಅಷ್ಟರಲ್ಲಾಗಲೇ ಟಿಬೆಟನ್ ವೈದ್ಯಗ್ರಂಥಗಳಲ್ಲಿ ಥಾಂಗ್‌ಟ್ರೋಮ್ ಎಂಬ ಹೆಸರು ಹಳತಾಗಿತ್ತು ಎಂಬುದನ್ನು ನೆನಪಿನಲ್ಲಿಡೋಣ.

ಆ ಗ್ರಂಥಗಳ ಹಿನ್ನೆಲೆ ನಮ್ಮ ಭಾಷಣಕ್ಕೆ ಅಗತ್ಯ. ಟಿಬೆಟ್ಟಿನ ವೈದ್ಯ ಪದ್ಧತಿಗೆ ಸೋವಾ ರಿಗ್ಪಾ ಎಂದು ಹೆಸರು. ಅದರ ಮೂಲಗ್ರಂಥ ಗ್ಯೂಶಿ. ನಾಲ್ಕು ತಂತ್ರಗಳು, 156 ಅಧ್ಯಾಯಗಳು. 12ನೆಯ ಶತಮಾನದ ಯೂಥೋಕ್ ಯೊಂಟೆನ್ ಗೊನ್ಪೊ ಅವರ ಹೆಸರಿನೊಂದಿಗೆ ಪರಂಪರೆ ಅದನ್ನು ಜೋಡಿಸುತ್ತದೆ. ಅದಕ್ಕೂ ಮುಂಚೆ, ರಿಂಚೆನ್ ಜಾಂಗ್ಪೊ ಎಂಬ ಮಹಾ ಅನುವಾದಕರ ಕಾಲದಲ್ಲಿ, ವಾಗ್ಭಟನ ಅಷ್ಟಾಂಗಹೃದಯ ಟಿಬೆಟನ್ ಭಾಷೆಗೆ ಹೋಗಿತ್ತು. ಹಾಗಾಗಿ ಆಯುರ್ವೇದ ಬಲ್ಲವರಿಗೆ ಸೋವಾ ರಿಗ್ಪಾ ಪೂರ್ತಿ ಅಪರಿಚಿತ ಲೋಕವಲ್ಲ: ಮೂರು ದೋಷಗಳು, ಆರು ರಸಗಳು, ಜೀರ್ಣವಾದ ನಂತರದ ಮೂರು ವಿಪಾಕಗಳು ಅಲ್ಲಿಯೂ ಇವೆ. 17ನೆಯ ಶತಮಾನದ ಕೊನೆಯಲ್ಲಿ ದೇಸಿ ಸಾಂಗ್ಯೆ ಗ್ಯಾತ್ಸೊ ಗ್ಯೂಶಿಗೆ ‘ನೀಲ ವೈಡೂರ್ಯ’ ಎಂಬ ವ್ಯಾಖ್ಯಾನ ಬರೆದರು. ಅದನ್ನು ಕಲಿಸಲು 79 ವರ್ಣಚಿತ್ರ ಪಟಗಳನ್ನು ಬರೆಸಿದರು. ಗಿಡಮೂಲಿಕೆಗಳನ್ನು ಒಂದೊಂದಾಗಿ ಚಿತ್ರಿಸಿ ವಿದ್ಯಾರ್ಥಿಗೆ ತೋರಿಸುವ ಏರ್ಪಾಡು ಅದು. ಮುಂದಿನ ಶತಮಾನದಲ್ಲಿ ದೇವ್ಮಾರ್ ತೆಂಜಿನ್ ಫುಂತ್ಸೋಕ್ ಬರೆದ ಔಷಧ ನಿಘಂಟು ಎರಡು ಸಾವಿರಕ್ಕೂ ಮಿಕ್ಕಿದ ದ್ರವ್ಯಗಳನ್ನು ವರ್ಗೀಕರಿಸಿತು. 1696ರಲ್ಲಿ ಲ್ಹಾಸಾದ ಚಾಗ್ಪೊರಿ ಬೆಟ್ಟದ ಮೇಲೆ ವೈದ್ಯವಿದ್ಯಾಲಯ, 1916ರಲ್ಲಿ ಮೆನ್‌ತ್ಸೀಖಾಂಗ್ ಎಂಬ ವೈದ್ಯಸಂಸ್ಥೆ ಸ್ಥಾಪನೆಯಾದವು. ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಈ ವಿಷದ ಗಿಡದ ಬಳಕೆ ಗ್ರಂಥ, ಚಿತ್ರಪಟ, ಗುರು, ವಿದ್ಯಾಲಯಗಳ ಬಲದ ಮೇಲೆ ನಿಂತ ವಿದ್ಯೆ. ಯಾರೋ ದಾರಿಹೋಕರು ಕೈಗೆ ಸಿಕ್ಕ ಬೇರನ್ನು ಅಗಿದು ನೋಡಿ ಬೆಳೆಸಿದ್ದಲ್ಲ.

ಈಗ ಬಳಕೆಗೆ ಬರೋಣ. ಕರಿ ಥಾಂಗ್‌ಟ್ರೋಮ್‌ನ ಬೇರು ಮತ್ತು ಬೀಜಗಳು ನೋವು, ಹೊಟ್ಟೆಯ ಸೆಳೆತ, ಹಲ್ಲುನೋವು, ಹುಣ್ಣು ಮತ್ತು ಬಾವು, ಹಾಗೂ ಟಿಬೆಟನ್ ವೈದ್ಯ ‘ಸಿನ್’ ಎಂದು ಕರೆಯುವ ಕ್ರಿಮಿಬಾಧೆಗಳಿಗೆ ಬಳಕೆಯಾಗುತ್ತವೆ. ಬೀಜದ ಪುಡಿಯನ್ನು ಹುಳುಕು ಹಲ್ಲಿಗೆ ಇಡುವುದು, ಬೇರನ್ನು ಅರೆದು ಕೆಟ್ಟ ಹುಣ್ಣಿಗೆ ಮೇಲೆ ಹಚ್ಚುವುದು ಇಂಥ ಹೊರಬಳಕೆಗಳೂ ಇವೆ. ಒಳಗೆ ಕೊಡುವಾಗ ಒಂಟಿಯಾಗಿ ಕೊಡುವುದು ಟಿಬೆಟನ್ ವೈದ್ಯದ ಸ್ವಭಾವವಲ್ಲ; ಹಲವು ದ್ರವ್ಯಗಳ ಗುಳಿಗೆಯಲ್ಲಿ ಇದರ ಪಾಲು ಅಲ್ಪ.

ಇದಕ್ಕಿಂತ ಮುಖ್ಯವಾದದ್ದು, ಮದ್ದನ್ನು ಸಿದ್ಧಪಡಿಸುವ ಏಳು ಅಂಗಗಳು. ಗಿಡ ಸರಿಯಾದ ನೆಲದಲ್ಲಿ ಬೆಳೆದಿರಬೇಕು. ಸರಿಯಾದ ಕಾಲದಲ್ಲಿ ಕಿತ್ತಿರಬೇಕು. ಎಲೆಗೆ ಒಂದು ಋತು, ಬೇರಿಗೆ ಮತ್ತೊಂದು. ತಂಪು ಗುಣದ್ದನ್ನು ನೆರಳಲ್ಲಿಯೂ ಬಿಸಿ ಗುಣದ್ದನ್ನು ಬಿಸಿಲಲ್ಲಿಯೂ ಒಣಗಿಸಬೇಕು. ಹಳತು ಹೊಸತು ನೋಡಬೇಕು. ವಿಷವನ್ನು ತೆಗೆಯಬೇಕು. ಒರಟುತನ ಕಳೆದು ಮೃದುಗೊಳಿಸಬೇಕು. ಕೊನೆಗೆ, ತಕ್ಕ ಜೊತೆಗಾರರೊಂದಿಗೆ ಕೂಡಿಸಬೇಕು. ಈ ಏಳರಲ್ಲಿ ಒಂದು ತಪ್ಪಿದರೂ ಅದು ಮದ್ದಲ್ಲ ಎಂಬುದು ಆ ಶಾಸ್ತ್ರದ ನಿಲುವು. ನಮ್ಮ ರಸಶಾಸ್ತ್ರದಲ್ಲಿ ದತ್ತೂರಿಯನ್ನು ಉಪವಿಷಗಳ ಸಾಲಿಗೆ ಸೇರಿಸಿ, ಅದರ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿ ಬೇಯಿಸುವ ದೋಲಾಯಂತ್ರದ ಶೋಧನೆ ಹೇಳಿದೆಯಲ್ಲವೆ? ಅದೇ ವಿವೇಕ ಇಲ್ಲಿಯೂ ಕಾಣುತ್ತದೆ. ಅಂಥ ಶೋಧನೆಯಿಂದ ದತ್ತೂರಿ ಬೀಜದ ಆಲ್ಕಲಾಯ್ಡ್ ಪ್ರಮಾಣ ತಗ್ಗುತ್ತದೆ ಎಂಬುದನ್ನು ಇಂದಿನ ಪ್ರಯೋಗಾಲಯಗಳೂ ಕಂಡಿವೆ.

ಈ ಏಳು ಅಂಗಗಳನ್ನು ರಸಾಯನಶಾಸ್ತ್ರದ ಬೆಳಕಿನಲ್ಲಿ ಓದಿದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಗೌರವ ಮೂಡುತ್ತದೆ. ಥಾಂಗ್‌ಟ್ರೋಮ್, ಉಮ್ಮತ್ತಿ, ಯೂರೋಪಿನ ಬೆಲ್ಲಡೋನ, ಖುರಾಸಾನಿ ಓಮ, ಇವೆಲ್ಲ ಟ್ರೋಪೇನ್ ಎಂಬ ವರ್ಗದ ಆಲ್ಕಲಾಯ್ಡ್‌ಗಳನ್ನು ತಯಾರಿಸುತ್ತವೆ. ಮುಖ್ಯವಾದವು ಹಯೋಸಯಮೀನ್, ಅದರ ಇನ್ನೊಂದು ರೂಪವಾದ ಅಟ್ರೋಪಿನ್ ಮತ್ತು ಸ್ಕೋಪೋಲಮೀನ್. ಇವು ಹುಟ್ಟುವುದು ಬೇರಿನಲ್ಲಿ. ಅಲ್ಲಿಂದ ರಸದ ಜೊತೆ ಮೇಲೇರಿ ಎಲೆ, ಕಾಯಿಗಳನ್ನು ಸೇರುತ್ತವೆ. ಉಮ್ಮತ್ತಿಯ ಬೇರಿಗೆ ಟೊಮ್ಯಾಟೊ ಕಸಿ ಕಟ್ಟಿದರೆ ಟೊಮ್ಯಾಟೊದಲ್ಲಿ ವಿಷ ಸೇರುತ್ತದೆ, ಟೊಮ್ಯಾಟೊ ಬೇರಿಗೆ ಉಮ್ಮತ್ತಿ ಕಸಿ ಕಟ್ಟಿದರೆ ಉಮ್ಮತ್ತಿಯ ಎಲೆಯಲ್ಲಿ ವಿಷ ಬಹುಪಾಲು ಇಲ್ಲವಾಗುತ್ತದೆ ಎಂದು 20ನೆಯ ಶತಮಾನದ ಮಧ್ಯದಲ್ಲಿ ಕಸಿಪ್ರಯೋಗಗಳು ತೋರಿಸಿಕೊಟ್ಟವು. ಗಿಡದ ವಯಸ್ಸು, ಋತು, ನೆಲ, ಅಂಗ, ಒಣಗಿಸುವ ಬಗೆ, ಇವುಗಳಿಗೆ ತಕ್ಕಂತೆ ಆಲ್ಕಲಾಯ್ಡ್ ಪ್ರಮಾಣ ಏರಿಳಿಯುತ್ತದೆ. ಏಳು ಅಂಗಗಳನ್ನು ರೂಪಿಸಿದವರಿಗೆ ಆಲ್ಕಲಾಯ್ಡ್ ಎಂಬ ಕಲ್ಪನೆ ಇರಲಿಲ್ಲ. ಆದರೆ ಒಂದೇ ಹೆಸರಿನ ಬೇರು ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ ಎಂಬ ಅನುಭವ ಇತ್ತು. ಆ ಅನುಭವವನ್ನು ಅವರು ನಿಯಮವಾಗಿಸಿದರು.

ದೇಹದೊಳಗೆ ಈ ರಾಸಾಯನಿಕಗಳು ಮಾಡುವುದಾದರೂ ಏನು? ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ಗ್ರಂಥಿ, ಕರುಳು, ಹೃದಯ, ಕಣ್ಣುಗಳಿಗೆ ಆಜ್ಞೆ ಕಳಿಸುತ್ತವೆ. ನರದ ಸಂದೇಶ ರಾಸಾಯನಿಕವಾಗಿ ಸಾಗುತ್ತದೆ ಎಂಬುದನ್ನು 1921ರಲ್ಲಿ ಆಟೊ ಲೊವಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿದರು. ಹೆನ್ರಿ ಡೇಲ್ ಅವರೊಡನೆ 1936ರ ನೊಬೆಲ್ ಪ್ರಶಸ್ತಿ ಪಡೆದರು. ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಗ್ರಾಹಕಗಳಲ್ಲಿ ಒಂದು ಬಗೆಯನ್ನು ಅಟ್ರೋಪಿನ್ ಮೊದಲೇ ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟಂತೆ: ಕೂತವರಿಲ್ಲ, ಬಂದವರಿಗೆ ಜಾಗವೂ ಇಲ್ಲ. ಆಗ ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಕರುಳಿನ ಚಲನೆ ತಗ್ಗುತ್ತದೆ, ಮೂತ್ರ ಕಟ್ಟುತ್ತದೆ, ಎದೆಬಡಿತ ಏರುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೈ ಸುಡುತ್ತದೆ, ಚರ್ಮ ಕೆಂಪೇರುತ್ತದೆ, ಇಲ್ಲದ್ದು ಕಾಣಿಸುತ್ತದೆ, ಮಾತು ತೊದಲಿ ಬುದ್ಧಿ ಭ್ರಮಿಸುತ್ತದೆ. ಕೊನೆಗೆ ಪ್ರಜ್ಞೆ ತಪ್ಪಿ ಸಾವೂ ಬರಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಟ್ಟೆಯ ಸೆಳೆತಕ್ಕೆ ಥಾಂಗ್‌ಟ್ರೋಮ್ ಕೊಟ್ಟಾಗ ನೋವು ಇಳಿಯುವುದು ಏಕೆ? ಕರುಳಿನ ಸ್ನಾಯು ಸಡಿಲವಾಗುವುದರಿಂದ. ಅದೇ ಗಿಡವನ್ನು ಮಿತಿಮೀರಿ ತಿಂದವನ ಕರುಳು ಸ್ತಬ್ಧವಾಗುವುದು ಏಕೆ? ಅದೇ ಕಾರಣದಿಂದ. ಗಿಡದಲ್ಲಿ ವಿಷದ ಭಾಗ ಒಂದು, ಮದ್ದಿನ ಭಾಗ ಇನ್ನೊಂದು, ಒಂದನ್ನು ಬಿಸಾಡಿ ಇನ್ನೊಂದನ್ನು ಉಳಿಸಿಕೊಳ್ಳಬಹುದು ಎಂದು ನಂಬುವವರಿದ್ದಾರೆ. ಈ ಗಿಡದ ಮಟ್ಟಿಗೆ ಅದು ನಿಜವಲ್ಲ. ವಾಸಿಮಾಡುವ ಅಣುವೇ ಕೊಲ್ಲುವ ಅಣು. ವಿಷ ತೆಗೆಯುವುದು ಎಂದು ಶಾಸ್ತ್ರ ಹೇಳುವುದನ್ನು ನಾನು ವಿಷವನ್ನು ಪಳಗಿಸಿ ಮಿತಿಗೆ ತರುವುದು ಎಂದು ಅರ್ಥಮಾಡಿಕೊಳ್ಳುತ್ತೇನೆ.

ಪರಂಪರೆ ಹೇಳಿದ್ದೆಲ್ಲ ಸರಿ ಎಂದು ವಾದಿಸಲು ನಾನು ನಿಂತಿಲ್ಲ. ಹಲ್ಲಿನ ಹುಳುವಿನ ವಿಚಾರ ನೋಡಿ. ಹಲ್ಲುನೋವಿಗೆ ಹಲ್ಲಿನೊಳಗಿನ ಹುಳುವೇ ಕಾರಣ ಎಂಬ ನಂಬಿಕೆ ಏಷ್ಯ, ಯೂರೋಪುಗಳೆರಡರಲ್ಲಿಯೂ ಹಬ್ಬಿತ್ತು. ಲಡಾಖಿನಿಂದ ಇಂಗ್ಲೆಂಡಿನವರೆಗೆ ಖುರಾಸಾನಿ ಓಮದ ಬೀಜವನ್ನು ಕೆಂಡದ ಮೇಲೆ ಸುಟ್ಟು ಅದರ ಹೊಗೆಯನ್ನು ಬಾಯಿಗೆ ಹಿಡಿಯುವ ಚಿಕಿತ್ಸೆ ಇತ್ತು. ಹೊಗೆ ಹಿಡಿದ ಮೇಲೆ ಬಿಳಿಯ ಹುಳುಗಳಂಥವು ಬಿದ್ದದ್ದನ್ನು ತೋರಿಸುತ್ತಿದ್ದರು. ಅವು ಕಾವಿಗೆ ಸಿಡಿದ ಬೀಜದೊಳಗಿನ ಭ್ರೂಣಗಳು. ಇಂಗ್ಲೆಂಡಿನ ಗಿಡಮೂಲಿಕೆ ಲೇಖಕ ಜಾನ್ ಜೆರಾರ್ಡ್ 1597ರ ತನ್ನ ಗ್ರಂಥದಲ್ಲಿಯೇ ಸಂತೆಯ ಹಲ್ಲುವೈದ್ಯರ ಈ ಮೋಸವನ್ನು ಬಯಲು ಮಾಡಿದ್ದ. ಹುಳುವಿನ ಸಿದ್ಧಾಂತ ತಪ್ಪು. ಆದರೆ ಆ ಹೊಗೆಯಲ್ಲಿ, ಆ ಪುಡಿಯಲ್ಲಿ ಪ್ರಬಲ ರಾಸಾಯನಿಕ ಇದ್ದದ್ದು ಸುಳ್ಳಲ್ಲ. ಸಾಂಪ್ರದಾಯಿಕ ವೈದ್ಯವನ್ನು ಅಳೆಯುವಾಗ ಅದರ ವಿವರಣೆಯನ್ನೂ ಅದರ ಅವಲೋಕನವನ್ನೂ ಬೇರೆಬೇರೆಯಾಗಿ ತೂಗಬೇಕು. ವಿವರಣೆ ಬಿದ್ದುಹೋದ ಮಾತ್ರಕ್ಕೆ ಅವಲೋಕನ ಬೀಳುವುದಿಲ್ಲ. ಅವಲೋಕನ ನಿಂತ ಮಾತ್ರಕ್ಕೆ ವಿವರಣೆಯೂ ನಿಲ್ಲುವುದಿಲ್ಲ.

ಬಂಧುಗಳೆ, ಥಾಂಗ್‌ಟ್ರೋಮ್‌ನ ಕಥೆ ಆಧುನಿಕ ವೈದ್ಯದೊಳಗೆ ಪ್ರವೇಶಿಸಿದ್ದು 1960ರ ದಶಕದಲ್ಲಿ. ಚೀನಾದ ಸಂಶೋಧಕರು ಇದರ ಬೇರಿನಿಂದ ಅನಿಸೋಡಮೀನ್ ಎಂಬ ಆಲ್ಕಲಾಯ್ಡ್ ಅನ್ನು ಬೇರ್ಪಡಿಸಿದರು. 1965ರ ಏಪ್ರಿಲ್ ತಿಂಗಳ ಗುರುತಾಗಿ ಅದಕ್ಕೆ 654 ಎಂಬ ಸಂಖ್ಯೆ ಬಂತು. ಗಿಡದಿಂದ ಪಡೆದದ್ದು 654-1, ಕೃತಕವಾಗಿ ಸಂಯೋಜಿಸಿದ್ದು 654-2. ಆಗ ಮಿದುಳು ಪೊರೆಯ ಉರಿಯೂತ ಮತ್ತು ವಿಷಮ ರಕ್ತಭೇದಿಯಿಂದ ಮಕ್ಕಳು ಆಘಾತಕ್ಕೊಳಗಾಗಿ, ರಕ್ತಪರಿಚಲನೆ ಕುಸಿದು ಸಾಯುತ್ತಿದ್ದರು. ಅವರಿಗೆ ಚೀನಾದ ವೈದ್ಯರು ಹೆಚ್ಚು ಪ್ರಮಾಣದ ಅಟ್ರೋಪಿನ್ ಕೊಡುತ್ತಿದ್ದರು. ಅದರ ದುಷ್ಪರಿಣಾಮಗಳು ಬಹಳ. ಆ ಜಾಗಕ್ಕೆ ಅನಿಸೋಡಮೀನ್ ಬಂತು.

ಈ ಅಣುವಿನ ವಿಶೇಷ ಏನು? ಗಿಡದೊಳಗೆ ಹಯೋಸಯಮೀನ್ ಎಂಬುದು ಸ್ಕೋಪೋಲಮೀನ್ ಆಗಿ ಬದಲಾಗುವಾಗ ಒಂದೇ ಕಿಣ್ವ ಎರಡು ಹೆಜ್ಜೆಗಳನ್ನು ನಡೆಸುತ್ತದೆ. ಮೊದಲ ಹೆಜ್ಜೆಯಲ್ಲಿ ಹುಟ್ಟುವುದು ಅನಿಸೋಡಮೀನ್. ಅನೇಕ ಗಿಡಗಳಲ್ಲಿ ಅದು ಉಳಿಯುವುದು ಅತ್ಯಲ್ಪ. ಎರಡನೆಯ ಹೆಜ್ಜೆಗೆ ಸರಿದುಹೋಗುತ್ತದೆ. ಥಾಂಗ್‌ಟ್ರೋಮ್‌ನ ಬೇರಿನಲ್ಲಿ ಅದು ಬೇರ್ಪಡಿಸಿ ತೆಗೆಯುವಷ್ಟು ಸಂಗ್ರಹವಾಗುತ್ತದೆ. ಅಟ್ರೋಪಿನ್‌ಗೆ ಒಂದು ಆಮ್ಲಜನಕ ಪರಮಾಣು ಹೆಚ್ಚಿಗೆ ಸೇರಿದರೆ ಅನಿಸೋಡಮೀನ್. ಆ ಒಂದು ಪರಮಾಣುವಿನಿಂದಾಗಿ ಅದು ರಕ್ತದಿಂದ ಮಿದುಳಿಗೆ ಅಷ್ಟು ಸುಲಭವಾಗಿ ನುಸುಳಲಾರದು. ಆದ್ದರಿಂದ ಸೆಳೆತ ಬಿಡಿಸುವ ಗುಣ ಉಳಿಯುತ್ತದೆ, ಬುದ್ಧಿ ಕೆಡಿಸುವ ಗುಣ ತಗ್ಗುತ್ತದೆ. ಸೂಕ್ಷ್ಮ ರಕ್ತನಾಳಗಳ ಸಂಕೋಚವನ್ನು ಬಿಡಿಸಿ ರಕ್ತ ಹರಿಯುವಂತೆ ಮಾಡುತ್ತದೆ ಎಂಬ ವಿವರಣೆಯನ್ನು ಷಿಯು ರುಯಿಜುವಾನ್ ಮತ್ತಿತರ ಚೀನೀ ವಿಜ್ಞಾನಿಗಳು ಬೆಳೆಸಿದರು. ಚೀನಾದಲ್ಲಿ ಹೊಟ್ಟೆಸೆಳೆತಕ್ಕೆ, ಆಘಾತದ ಚಿಕಿತ್ಸೆಗೆ ಅದು ಇಂದಿಗೂ ಬಳಕೆಯಲ್ಲಿದೆ. ಇತರ ದೇಶಗಳಲ್ಲಿ ಅಷ್ಟು ಹರಡಲಿಲ್ಲ. ಸೋಂಕಿನ ಆಘಾತದಲ್ಲಿ ಅದರ ಪ್ರಯೋಜನವನ್ನು ಇತ್ತೀಚೆಗೆ ಹಲವು ಆಸ್ಪತ್ರೆಗಳನ್ನು ಒಳಗೊಂಡು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಸ್ಪಷ್ಟವಾಗಿ ತಗ್ಗಿದ್ದು ಕಂಡುಬರಲಿಲ್ಲ. ಇದನ್ನು ಮರೆಮಾಚದೆ ಹೇಳುವುದು ಅಗತ್ಯ. ಪ್ರಾಚೀನ ಗಿಡದಿಂದ ಬಂತು ಎಂಬುದು ಮದ್ದಿಗೆ ಯೋಗ್ಯತಾಪತ್ರವಲ್ಲ. ರೋಗಿಗಳ ಮೇಲಿನ ಪರೀಕ್ಷೆಯೊಂದೇ ಅದಕ್ಕೆ ಒರೆಗಲ್ಲು.

ಅದೇ ಮನೆತನದ ಅಟ್ರೋಪಿನ್‌ನ ಯೋಗ್ಯತೆ ಮಾತ್ರ ಪ್ರಶ್ನಾತೀತ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಿದೆ. ಕರ್ನಾಟಕದ ಯಾವ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿದರೂ ಅದರ ಬೆಲೆ ತಿಳಿದೀತು. ನಮ್ಮ ಹೊಲಗಳಲ್ಲಿ ಸಿಂಪಡಿಸುವ ಕೀಟನಾಶಕಗಳಲ್ಲಿ ಹಲವು ಆರ್ಗನೋಫಾಸ್ಫೇಟ್ ವರ್ಗದವು. ಅವು ಮೈಗೆ ಸೇರಿದಾಗ ಅಸಿಟೈಲ್‌ಕೋಲಿನ್ ಅನ್ನು ಕರಗಿಸುವ ಕಿಣ್ವ ಕೆಲಸ ನಿಲ್ಲಿಸುತ್ತದೆ. ನರಗಳ ಆಜ್ಞೆ ನಿಲ್ಲುವುದೇ ಇಲ್ಲ: ಬಾಯಲ್ಲಿ ನೊರೆ, ಧಾರಾಕಾರ ಬೆವರು, ಶ್ವಾಸನಾಳದ ತುಂಬ ದ್ರವ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು. ಆಗ ವೈದ್ಯರು ಅಟ್ರೋಪಿನ್ ಚುಚ್ಚುತ್ತಾರೆ, ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುತ್ತಾರೆ, ಎದೆಯೊಳಗಿನ ದ್ರವ ಒಣಗುವವರೆಗೂ. ಆರೋಗ್ಯವಂತನಿಗೆ ಅಷ್ಟು ಕೊಟ್ಟರೆ ಅವನು ಹುಚ್ಚನಂತಾಗುತ್ತಾನೆ. ಆ ರೋಗಿಗೆ ಅಷ್ಟು ಕೊಡದಿದ್ದರೆ ಅವನು ಉಳಿಯುವುದಿಲ್ಲ. ಮಿತಿ ಎಂಬುದು ಗಿಡದಲ್ಲಿ ಬರೆದಿಟ್ಟ ಸಂಖ್ಯೆಯಲ್ಲ. ಎದುರಿಗಿರುವ ದೇಹ, ಆ ಹೊತ್ತಿನ ಅದರ ಸ್ಥಿತಿ ಎರಡನ್ನೂ ನೋಡಿ ನಿರ್ಧರಿಸಬೇಕಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಸ್ಕೋಪೋಲಮೀನ್ ಬಗ್ಗೆ ಎರಡೇ ಮಾತು. ಪ್ರಯಾಣದ ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಪಟ್ಟಿಯಲ್ಲಿರುವುದು ಅದೇ. ಚರ್ಮದ ಮೂಲಕ ಮದ್ದು ಕೊಡುವ ಪಟ್ಟಿಗಳಲ್ಲಿ ಅಮೆರಿಕದಲ್ಲಿ ಮೊಟ್ಟಮೊದಲು, 1979ರಲ್ಲಿ, ಮಂಜೂರಾದದ್ದೂ ಅದೇ.

ಈಗ ಗುರುತಿಸುವ ಪ್ರಶ್ನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಗಂಭೀರವಾದದ್ದು. ಟಿಬೆಟನ್ ಗ್ರಂಥಗಳಲ್ಲಿ ಥಾಂಗ್‌ಟ್ರೋಮ್‌ಗೆ ಬಿಳಿ, ಕರಿ ಎಂಬ ಭೇದಗಳಿವೆ. ಹತ್ತಿರದ್ದೇ ಆದ ಲಾಂಗ್‌ಥಾಂಗ್ ಎಂಬ ಹೆಸರು ಬೇರೊಂದಿದೆ. ಕರಿಯದನ್ನು ಅನಿಸೋಡಸ್ ಎಂದೂ, ಬಿಳಿಯದನ್ನು ಪ್ರಝೆವಾಲ್ಸ್ಕಿಯಾ ಎಂದೂ, ಲಾಂಗ್‌ಥಾಂಗ್ ಅನ್ನು ಖುರಾಸಾನಿ ಓಮ ಎಂದೂ ಸಾಮಾನ್ಯವಾಗಿ ಗುರುತಿಸುತ್ತಾರೆ. ಆದರೆ ಅಮ್ದೊ ಪ್ರಾಂತದ ವೈದ್ಯರು, ನೇಪಾಳದ ವೈದ್ಯರು, ಆಮ್ಚಿ ಎಂದು ಕರೆಯುವ ಲಡಾಖಿನ ವೈದ್ಯರು ತಮ್ಮತಮ್ಮ ಕಣಿವೆಯಲ್ಲಿ ಸಿಗುವ ಹತ್ತಿರದ ಗಿಡವನ್ನು ಅದೇ ಹೆಸರಿನಲ್ಲಿ ಬಳಸುವುದುಂಟು. ಆಯಾ ಕಣಿವೆಯೊಳಗೆ ಇದು ದೋಷವಲ್ಲ. ಗುರು ತೋರಿಸಿದ ಗಿಡವನ್ನೇ ಶಿಷ್ಯ ಕೀಳುತ್ತಾನೆ, ಅದರ ಪ್ರಮಾಣವೂ ಅವನಿಗೆ ಗೊತ್ತು. ಗಿಡ ಒಣಗಿ, ಮೂಟೆಯಾಗಿ, ಪೇಟೆಗೆ ಬಂದು, ಹೆಸರೊಂದೇ ಉಳಿದಾಗ ಅಪಾಯ ಶುರುವಾಗುತ್ತದೆ. ಒಂದರಲ್ಲಿ ಹಯೋಸಯಮೀನ್ ಹೆಚ್ಚು, ಇನ್ನೊಂದರಲ್ಲಿ ಸ್ಕೋಪೋಲಮೀನ್ ಹೆಚ್ಚು. ಹೆಸರು ಒಂದೇ ಆದರೂ ಮಿದುಳಿನ ಮೇಲಿನ ಪರಿಣಾಮ ಒಂದೇ ಅಲ್ಲ. ಒಣಗಿದ ಬೇರಿನ ತುಂಡನ್ನು ಬರಿಗಣ್ಣಿಗೆ ಪ್ರತ್ಯೇಕಿಸುವುದು ನುರಿತವರಿಗೂ ಕಷ್ಟ.

ಎರಡನೆಯ ಆತಂಕ ಗಿಡದ ಅಳಿವು ಉಳಿವಿನದು. ಹಸು, ಚಮರೀಮೃಗ, ಕುರಿಗಳು ಈ ಗಿಡವನ್ನು ಸಾಮಾನ್ಯವಾಗಿ ಬಿಟ್ಟು ಮೇಯುತ್ತವೆ. ಪ್ರಾಣಿಯಿಂದ ತಪ್ಪಿಸಿಕೊಂಡ ಗಿಡ ಮನುಷ್ಯನಿಂದ ತಪ್ಪಿಸಿಕೊಳ್ಳಲಾರದು. ಬೇಕಾದ್ದು ಬೇರಾದ್ದರಿಂದ ಕಿತ್ತರೆ ಗಿಡವೇ ಹೋಯಿತು, ಎತ್ತರದ ಚಳಿಯಲ್ಲಿ ಹೊಸದು ಬೆಳೆಯಲು ವರ್ಷಗಳು ಬೇಕು. ಆಲ್ಕಲಾಯ್ಡ್ ಕಾರ್ಖಾನೆಯ ಹಸಿವು ಒಬ್ಬ ಆಮ್ಚಿಯ ಚೀಲದ ಅಗತ್ಯಕ್ಕೆ ಹೋಲಿಸುವಂಥದ್ದೇ ಅಲ್ಲ. ಇದೇ ಮನೆತನದ ಕಾಶ್ಮೀರದ ಬೆಲ್ಲಡೋನಕ್ಕೆ ಏನಾಯಿತು ಎಂಬುದು ನಮ್ಮ ಮುಂದಿದೆ: ಔಷಧೋದ್ಯಮಕ್ಕಾಗಿ ಕಾಡಿನಿಂದ ಕಿತ್ತು ಕಿತ್ತು, ಇಂದು ಅದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಸಸ್ಯ. ಈ ದಿಕ್ಕಿನಲ್ಲಿ ಆಶಾದಾಯಕವಾದ ಕೆಲಸವೂ ನಡೆದಿದೆ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಶಾಂತ್ ಶ್ರೀನಿವಾಸನ್ ಮತ್ತು ಕ್ರಿಸ್ಟಿನಾ ಸ್ಮೋಲ್ಕೆ ಅವರು ಯೀಸ್ಟ್ ಕೋಶಗಳೊಳಗೆ ಬೇಕಾದ ವಂಶವಾಹಿಗಳನ್ನು ಸೇರಿಸಿ ಹಯೋಸಯಮೀನ್, ಸ್ಕೋಪೋಲಮೀನ್‌ಗಳನ್ನು ತಯಾರಿಸಿ ತೋರಿಸಿದರು. ಇದು ಕಾರ್ಖಾನೆಯ ಮಟ್ಟಕ್ಕೆ ಬೆಳೆದರೆ ಗುಡ್ಡದ ಬೇರು ಗುಡ್ಡದಲ್ಲೇ ಉಳಿಯಬಹುದು.

ಕರ್ನಾಟಕಕ್ಕೂ ಈ ವಿದ್ಯೆಗೂ ನಿಜವಾದ ನಂಟೊಂದಿದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಬಳಿಕ ಮುಂಡಗೋಡಿನಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿದರು. 1961ರಲ್ಲಿ ಧರ್ಮಶಾಲೆಯಲ್ಲಿ ಮರುಸ್ಥಾಪನೆಗೊಂಡ ಮೆನ್‌ತ್ಸೀಖಾಂಗ್‌ನ ಶಾಖಾ ಚಿಕಿತ್ಸಾಲಯಗಳು ನಮ್ಮ ರಾಜ್ಯದಲ್ಲಿಯೂ ಇವೆ. ಕನ್ನಡಿಗರೂ ಅಲ್ಲಿಗೆ ಹೋಗುತ್ತಾರೆ. 2010ರಲ್ಲಿ ಭಾರತ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಸೋವಾ ರಿಗ್ಪಾವನ್ನು ಮಾನ್ಯ ವೈದ್ಯ ಪದ್ಧತಿಯಾಗಿ ಅಂಗೀಕರಿಸಿತು. 2019ರಲ್ಲಿ ಲೇಹ್‌ನಲ್ಲಿ ಅದಕ್ಕಾಗಿ ರಾಷ್ಟ್ರೀಯ ಸಂಸ್ಥೆಗೆ ಅನುಮೋದನೆ ದೊರೆಯಿತು. ಅಂಗೀಕಾರದ ಜೊತೆಗೆ ಹೊಣೆಯೂ ಬಂದಿದೆ. ಪ್ರತಿಯೊಂದು ವಿಷದ್ರವ್ಯದ ನಿಖರ ಸಸ್ಯಗುರುತು, ಶೋಧನೆಗೆ ಮುಂಚೆ ಮತ್ತು ನಂತರದ ಆಲ್ಕಲಾಯ್ಡ್ ಅಳತೆ, ಅಡ್ಡಪರಿಣಾಮಗಳ ದಾಖಲೆ, ಇವು ನಡೆಯಬೇಕು. ಆ ಕೆಲಸದಲ್ಲಿ ಆಮ್ಚಿಗಳು ಮಾಹಿತಿ ಕೊಡುವವರಾಗಿ ಮಾತ್ರವಲ್ಲದೆ ಸಮಾನ ಸಂಶೋಧಕರಾಗಿ ಕೂರಬೇಕು. ಅವರ ಜ್ಞಾನದಿಂದ ಲಾಭ ಹುಟ್ಟಿದರೆ ಅದರ ಪಾಲು ಆ ಕಣಿವೆಗಳಿಗೆ ಹೋಗಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಆಶಯವೂ ಅದೇ.

ಕೊನೆಯದಾಗಿ, ಕನ್ನಡದಲ್ಲಿ ಗಿಡಮೂಲಿಕೆಗಳ ಬಗ್ಗೆ ಬರೆಯುವವರಲ್ಲಿ, ಅಚ್ಚುಹಾಕುವವರಲ್ಲಿ ನನ್ನದೊಂದು ವಿನಂತಿ. ಉಮ್ಮತ್ತಿ, ಖುರಾಸಾನಿ ಓಮ, ಥಾಂಗ್‌ಟ್ರೋಮ್‌ಗಳಂಥ ಗಿಡಗಳ ಕುರಿತು ಬರೆಯುವಾಗ ಪೂರ್ಣ ಸಸ್ಯನಾಮ ಕೊಡಿ, ಮೊದಲ ಸಾಲಿನಲ್ಲೇ ಅದು ವಿಷ ಎಂದು ಬರೆಯಿರಿ, ಮನೆಯಲ್ಲಿ ಮಾಡಿಕೊಳ್ಳುವ ವಿಧಾನವನ್ನೂ ಪ್ರಮಾಣವನ್ನೂ ದಯವಿಟ್ಟು ಅಚ್ಚುಹಾಕಬೇಡಿ. ಓದುಗರಲ್ಲಿ ಇನ್ನೊಂದು: ಉಮ್ಮತ್ತಿಯ ಕಾಯಿಯನ್ನೋ ಬೀಜವನ್ನೋ ಮಗು ತಿಂದಿದೆ ಎಂಬ ಅನುಮಾನ ಬಂದರೂ ಮನೆಮದ್ದಿಗೆ ಕೈಹಾಕಬೇಡಿ, ವಾಂತಿ ಮಾಡಿಸಲು ಹೊತ್ತು ಕಳೆಯಬೇಡಿ, ಗಿಡದ ಒಂದು ತುಂಡನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.